ಎಷ್ಟು ಟನ್ನು

ಕರೆಂಟಿನವರು ಬೇಡವೆಂದು ಬಿಟ್ಟುಹೋದ ಕಂಬ ಐದು.
ಮೈತುಂಬ ಡಾಂಬರಿನ ಘಾಟು,
ಲೈನ್‌ಮನ್ನುಗಳ ಬೂಟಿನ ಮೊಳೆ ಚುಚ್ಚಿದ ಗಾಯ.
ಒಂದರ ನೆತ್ತಿಯಲ್ಲಿ ತಗಡಿನ ನಂಬರು ಹಾಗೇ ಇತ್ತು:
ನಾನೂರ ಹದಿನೇಳು.
ಕೀಳಬೇಡ ಅಂದೆ. ಡೆನ್ಜಿಲ್ ಕೀಳಲಿಲ್ಲ.

ನಮ್ಮ ವೆಸ್ಟ್ ವರ್ಜೀನಿಯಾದ ಗುಡ್ಡಗಳಲ್ಲಿ
ಹಳ್ಳಕ್ಕೊಂದು ಹೆಸರು, ಹೆಸರಿಗೊಂದು ಸಿಟ್ಟು.
ನಮ್ಮದು ಬ್ರಶಿ ಫೋರ್ಕ್.
ಆಗಸ್ಟಿನಲ್ಲಿ ಹಿಮ್ಮಡಿ ಮುಳುಗದ ನೀರು;
ಮಾರ್ಚಿಯಲ್ಲಿ ಮೇಲೆ ಹಿಮ ಕರಗಿತೋ,
ಕಂಡವರ ಬೇಲಿ, ಕಂಡವರ ಕೋಳಿಗೂಡು ಹೊತ್ತು ಬರುವ ಭೂಪ.
ಹೋದ ವರ್ಷ ನಮ್ಮ ಮೋರಿಯ ಪೈಪನ್ನೂ ಹೊತ್ತ,
ಸ್ಕ್ಯಾಗ್ಸನ ಜೋಳದ ಹೊಲದಲ್ಲಿ ಇಳಿಸಿ ಮುಂದೆ ಹೋದ.

ಕೌಂಟಿ ಆಫೀಸಿನವಳ ದನಿ ಫೋನಿನಲ್ಲಿ ಸಕ್ಕರೆ:
ಈ ದಡ ನಿಮ್ಮದು, ಆ ದಡ ನಿಮ್ಮದು,
ಅಂದಮೇಲೆ ನಡುವಿನ ತೊಂದರೆಯೂ ನಿಮ್ಮದೇ ಅಲ್ಲವೇ, ಅಮ್ಮಾ?

ಸರಿ.
ರೈಲು ಹಳಿಯ ಹಳೇ ದಿಮ್ಮಿಗಳನ್ನು ಪೆಟ್ಟಿಗೆಯಂತೆ ಹೆಣೆದು
ಹೊಟ್ಟೆಗೆ ಕಲ್ಲು ತುಂಬಿದೆವು, ಆ ದಡಕ್ಕೊಂದು, ಈ ದಡಕ್ಕೊಂದು.
ಕಲ್ಲು ಎತ್ತಿದ್ದು ನಾನು. ಇದನ್ನು ಯಾರೂ ಬರೆದಿಡುವುದಿಲ್ಲ,
ಅದಕ್ಕೇ ಹೇಳುತ್ತಿದ್ದೇನೆ.
ಸ್ಕ್ಯಾಗ್ಸನ ಟ್ರ್ಯಾಕ್ಟರು ಕಂಬಗಳನ್ನು ಎಳೆದು ಕೂರಿಸಿತು;
ಬಾಡಿಗೆಗೆ ಅವನು ಎರಡು ಸೇಬಿನ ಪೈ ಕೇಳಿದ, ಮೂರು ತಿಂದ.
ಮೇಲೆ ಓಕ್ ಹಲಗೆ, ಗೇಣುದ್ದದ ಬೋಲ್ಟು.

ಗ್ಯಾಸಿನ ಲಾರಿಯ ಹುಡುಗ ಲಾನಿ ದಡದಲ್ಲೇ ಬ್ರೇಕು ಹಾಕಿದ:
'ಎಷ್ಟು ಟನ್ನು ತಡೆಯುತ್ತೆ? ಬೋರ್ಡಿಲ್ಲದೆ ನಾನು ಚಕ್ರ ಇಡೋದಿಲ್ಲ.'
ಡೆನ್ಜಿಲ್ ಟೋಪಿ ತೆಗೆದ, ತಲೆ ಕೆರೆದ, ಟೋಪಿ ಹಾಕಿಕೊಂಡ.
ಮೂವತ್ತೊಂದು ವರ್ಷ ಕಲ್ಲಿದ್ದಲ ಗಣಿಯಲ್ಲಿ
ಗುಡ್ಡದ ಹೊಟ್ಟೆಗೆ ಮರದ ಆನಿಕೆ ಕೊಟ್ಟವನು.
ಟನ್ನಿನ ಲೆಕ್ಕ ಕಂಪನಿಗೆ; ಅವನಿಗೆ ಗೊತ್ತಿದ್ದದ್ದು ಒಂದೇ,
ಮರ ಮುರಿಯುವ ಮುಂಚೆ ಮಾತಾಡುತ್ತದೆ.
ಕೇಳಿಸಿಕೊಂಡವನು ಮನೆಗೆ ಬರುತ್ತಾನೆ.

ಭಾನುವಾರ, ಚರ್ಚು ಮುಗಿಸಿ,
ಪಿಕಪ್ಪಿನ ಬೆನ್ನಿಗೆ ಟ್ಯಾಂಕು ಏರಿಸಿ ಗಂಟಲಮಟ ನೀರು ತುಂಬಿಸಿದ.
'ಟ್ರೆಸೀ, ನೀನು ಓಡಿಸು. ನಾನು ಕೆಳಗೆ ನಿಂತು ಕೇಳುತ್ತೇನೆ.'
ನನಗೆ ಬಂದ ಕೋಪವನ್ನೂ ಹೊತ್ತುಕೊಂಡೇ ಗಾಡಿ ಹಲಗೆ ಏರಿತು.

ನಡುವಿಗೆ ಬಂದೆ. ಕೆಳಗಿಂದ ಕೂಗಿದ: ನಿಲ್ಲಿಸು!
ನಿಲ್ಲಿಸಿದೆ.
ನೀರು ಟ್ಯಾಂಕಿನಲ್ಲಿ ಹಿಂದೆ ಮುಂದೆ ತುಳುಕಿತು.
ಹಲಗೆಯ ಸಂದಿನಲ್ಲಿ ಅವನ ಟೋಪಿಯ ಕೆಂಪು,
ಮಿಕ್ಕಿದ್ದು ಕಾಣದು.
ನನ್ನ ಕಾಲು ಇದ್ದದ್ದು ಬ್ರೇಕಿನ ಮೇಲೋ
ಅವನ ನೆತ್ತಿಯ ಮೇಲೋ.
ಎಲ್ಲೋ ಒಂದು ಕಂಬ 'ಕ್' ಅಂದಿತು. ಮತ್ತೆ ಸುಮ್ಮನಾಯಿತು.

ಆಮೇಲೆ ಆ ದನಿ: 'ನಿನ್ನ ತೂಕ ಎಷ್ಟು?'
'ಏನು?'
'ತೂಕ! ಲೆಕ್ಕಕ್ಕೆ ಬೇಕು!'

ನಲವತ್ತು ವರ್ಷದ ಸಂಸಾರ.
ಡಾಕ್ಟರ ತಕ್ಕಡಿ ಮೇಲೂ ಶೂ ಬಿಚ್ಚಿ, ಉಸಿರು ಬಿಟ್ಟು ನಿಂತವಳು ನಾನು.
ಕಿಟಕಿ ಇಳಿಸಿ ಕೂಗಿದೆ, ನಿಜವನ್ನೇ,
ಒಂದು ಪೌಂಡೂ ಕದಿಯದೆ.
ಸ್ಕ್ಯಾಗ್ಸನ ನಾಯಿ ಬೊಗಳಿತು. ಎದುರು ಗುಡ್ಡ
ಅದನ್ನೇ ಇನ್ನೊಮ್ಮೆ ಹೇಳಿತು, ಬಿಡಿಸಿ ಬಿಡಿಸಿ.

ರಾತ್ರಿ ಅಡುಗೆಮನೆ ಮೇಜಿನ ಮೇಲೆ ಕೂಡಿದ:
ಗಾಡಿ, ಟ್ಯಾಂಕು, ನೀರು, ಟ್ರೆಸಿ.
ಬಂದದ್ದರಲ್ಲಿ ಒಂದು ಟನ್ನು ಹೊಡೆದುಹಾಕಿದ, ದೇವರ ಪಾಲು ಎಂದು.
ಹಲಗೆಗೆ ಬಿಳಿ ಬಣ್ಣ ಬಳಿದು ಬರೆದ: ಮೂರು ಟನ್ನು.

ಲಾನಿ ಓದಿದ, ನಕ್ಕ. ಅವನ ಲಾರಿ ಹದಿನೈದು.
ಆಚೆಯೇ ನಿಲ್ಲಿಸಿ, ಉದ್ದನೆಯ ಪೈಪು ಹೆಗಲಿಗೆ ಹಾಕಿ
ನಡೆದೇ ಬಂದ, ಹಲಗೆಯ ಮೇಲೆ ಟಕ ಟಕ.
ಅವನಿಗೆ ಗೊತ್ತಾಗಲಿಲ್ಲ, ನಾನೂ ಹೇಳಲಿಲ್ಲ:
ಕಾಫಿ ಅರ್ಧಕ್ಕೆ ಬಿಟ್ಟು ಓಡಿದ ನಮ್ಮ ಮುದುಕ
ಹಳ್ಳದಲ್ಲಿ, ಮೊಣಕಾಲುದ್ದ ನೀರಲ್ಲಿ,
ನಾನೂರ ಹದಿನೇಳರ ಕೆಳಗೆ
ಕಿವಿ ಮೇಲಕ್ಕೆತ್ತಿ ನಿಂತಿದ್ದ.